ಸೂಜಿಚಿಟ್ಟೆಯ ಖಾತೆ ಯಾವ ಲೆಡ್ಜರಿನಲ್ಲಿದೆ?



1758ರಲ್ಲಿ ಸ್ವೀಡನ್ ದೇಶದ ಉಪ್ಸಾಲ ಎಂಬ ಊರಿನ ಪ್ರೊಫೆಸರರೊಬ್ಬರು ಜಗತ್ತಿನ ಪ್ರಾಣಿಗಳಿಗೆಲ್ಲ ಒಂದು ದೊಡ್ಡ ಲೆಡ್ಜರು ಬರೆದು ಮುಗಿಸಿದರು. ಅವರ ಹೆಸರು ಕಾರ್ಲ್ ಲಿನೇಯಸ್. ಪುಸ್ತಕದ ಹೆಸರು ‘ಸಿಸ್ಟೆಮಾ ನೇಚುರೇ’, ಅದರ ಹತ್ತನೇ ಆವೃತ್ತಿ. ಆನೆಯಿಂದ ಹಿಡಿದು ಹೇನಿನವರೆಗೆ ಯಾರನ್ನೂ ಬಿಡಲಿಲ್ಲ. ನೀರಿನ ಹತ್ತಿರ ಹಾರಾಡುವ ನಮ್ಮ ಏರೋಪ್ಲೇನ್ ಚಿಟ್ಟೆಗಳಿಗೂ ಅಲ್ಲಿ ಒಂದು ಖಾತೆ ತೆರೆದರು. ಖಾತೆಯ ಹೆಸರು ‘ಲಿಬೆಲ್ಲುಲ’. ದಪ್ಪನೆಯವು, ತೆಳ್ಳನೆಯವು, ದೊಡ್ಡವು, ಚಿಕ್ಕವು ಎಲ್ಲವೂ ಅದೇ ಖಾತೆಯಲ್ಲಿ. ಒಟ್ಟು ಎಷ್ಟು ಬಗೆ ಇದ್ದವು ಗೊತ್ತೇ? ಇಪ್ಪತ್ತಕ್ಕೂ ಕಡಿಮೆ!

ಇವತ್ತು ಅದೇ ಲೆಕ್ಕ ಆರು ಸಾವಿರ ದಾಟಿದೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧ, ಅಂದರೆ ಮೂರು ಸಾವಿರಕ್ಕೂ ಹೆಚ್ಚು ಬಗೆ, ತೆಳ್ಳನೆಯವುಗಳದ್ದೇ. ಈ ವಾರ ಆ ತೆಳ್ಳನೆಯವುಗಳ ಖಾತೆ ತೆಗೆದು ನೋಡೋಣ.

ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವ ಮುಂಚೆ ನಮ್ಮ ಕೈಯಲ್ಲಿದ್ದದ್ದು ದಪ್ಪ ದಪ್ಪ ಲೆಡ್ಜರುಗಳು. ಯಾವ ಖಾತೆ ಯಾವ ಲೆಡ್ಜರಿನ ಎಷ್ಟನೇ ಫೋಲಿಯೋದಲ್ಲಿದೆ ಎಂದು ಗೊತ್ತಿಲ್ಲದವನು ಕೌಂಟರಿನಲ್ಲಿ ಒಂದು ದಿನವೂ ನಿಲ್ಲಲಾರ. ಹಾಗಾಗಿ ಜೀವಿಗಳ ವರ್ಗೀಕರಣದ ಪುಸ್ತಕ ಕೈಗೆ ಬಂದಾಗ ನನಗೆ ಅದು ಪರಕೀಯ ಅನ್ನಿಸಲೇ ಇಲ್ಲ. ಗಣ, ಉಪಗಣ, ಕುಟುಂಬ, ಜಾತಿ, ಪ್ರಭೇದ ಎಂಬುದೆಲ್ಲ ಪ್ರಧಾನ ಕಚೇರಿ, ವಲಯ, ಶಾಖೆ, ಲೆಡ್ಜರು, ಖಾತೆ ಎಂದ ಹಾಗೆಯೇ ಕೇಳಿಸಿತು.

ಮೊದಲು ಗುರುತು ಹಿಡಿಯುವುದನ್ನು ಕಲಿಯೋಣ. ಏರೋಪ್ಲೇನ್ ಚಿಟ್ಟೆ ಎಂದು ನಾವು ಕರೆಯುವುದರಲ್ಲಿ ಎರಡು ಪಂಗಡ ಇವೆ. ಒಂದು ಡ್ರ್ಯಾಗನ್‌ಫ್ಲೈ. ಮೈ ಗಟ್ಟಿ, ಹಾರಾಟ ಜೋರು, ಕೂತಾಗಲೂ ರೆಕ್ಕೆ ಹರಡಿಕೊಂಡೇ ಇರುತ್ತದೆ. ಇನ್ನೊಂದು ಡ್ಯಾಮ್ಸೆಲ್‌ಫ್ಲೈ. ಹೊಲಿಗೆ ಸೂಜಿಯಂಥ ಮೈ, ಹುಲ್ಲಿನಿಂದ ಹುಲ್ಲಿಗೆ ಮೆಲ್ಲಗೆ ತೇಲಿದಂತೆ ಹಾರಾಟ, ಕೂತ ಕೂಡಲೇ ರೆಕ್ಕೆಗಳನ್ನು ಬೆನ್ನ ಮೇಲೆ ಕೈಮುಗಿದಂತೆ ಜೋಡಿಸಿಬಿಡುತ್ತದೆ. ನನ್ನ ಮೊಮ್ಮಗಳು ಅದಕ್ಕೆ ‘ಸೂಜಿಚಿಟ್ಟೆ’ ಎಂದು ಹೆಸರಿಟ್ಟಿದ್ದಾಳೆ. ಚಿಟ್ಟೆಗೂ ಅದಕ್ಕೂ ನಂಟಿಲ್ಲ ಎಂದು ನಾನು ಹೇಳಿದೆ. ‘ಏರೋಪ್ಲೇನಿಗೂ ನಂಟಿಲ್ಲವಲ್ಲ ಅಜ್ಜ?’ ಎಂದಳು. ಆಮೇಲೆ ನಾನೂ ಸೂಜಿಚಿಟ್ಟೆ ಎಂದೇ ಕರೆಯುತ್ತೇನೆ, ಇಲ್ಲೂ ಹಾಗೇ ಬರೆಯುತ್ತೇನೆ.

ರೆಕ್ಕೆ ನೋಡಿ ತೀರ್ಮಾನ ಮಾಡುವುದು ಯಾವಾಗಲೂ ಸಾಲದು. ಸೂಜಿಚಿಟ್ಟೆಗಳಲ್ಲೇ ‘ಲೆಸ್ಟಿಡೇ’ ಎಂಬ ಕುಟುಂಬದವು ರೆಕ್ಕೆಯನ್ನು ಅರ್ಧ ತೆರೆದು ಕೂರುತ್ತವೆ. ಕಣ್ಣು ನೋಡಿದರೆ ಮೋಸ ಹೋಗುವುದು ಕಡಿಮೆ. ಬಹುತೇಕ ಡ್ರ್ಯಾಗನ್‌ಫ್ಲೈಗಳ ಎರಡು ಕಣ್ಣುಗಳು ನೆತ್ತಿಯ ಮೇಲೆ ಒಂದಕ್ಕೊಂದು ತಾಗಿ ಹೆಲ್ಮೆಟ್ಟಿನ ಹಾಗೆ ಕಾಣುತ್ತವೆ. ಸೂಜಿಚಿಟ್ಟೆಯ ಕಣ್ಣುಗಳು ತಲೆಯ ಆ ಕಡೆ ಒಂದು, ಈ ಕಡೆ ಒಂದು. ಎದುರಿನಿಂದ ನೋಡಿದರೆ ವ್ಯಾಯಾಮ ಮಾಡುವವರ ಡಂಬೆಲ್ಸ್ ಹಾಗಿರುತ್ತದೆ. ನೀರಿನೊಳಗಿನ ಮರಿಗಳಲ್ಲೂ ವ್ಯತ್ಯಾಸವಿದೆ. ಸೂಜಿಚಿಟ್ಟೆಯ ಮರಿಯ ಬಾಲದ ತುದಿಯಲ್ಲಿ ಸಾಮಾನ್ಯವಾಗಿ ಎಲೆಯಂಥ ಮೂರು ಕಿವಿರುಗಳಿರುತ್ತವೆ. ಡ್ರ್ಯಾಗನ್‌ಫ್ಲೈ ಮರಿಗೆ ಅವು ಇಲ್ಲ.

ಲಿನೇಯಸ್ ಕಣ್ಣೇನೂ ಮಂದವಾಗಿರಲಿಲ್ಲ. ಒಂದೇ ಖಾತೆಯಲ್ಲಿ ಬರೆದರೂ ರೆಕ್ಕೆ ಹರಡಿ ಕೂರುವವು ಬೇರೆ, ರೆಕ್ಕೆ ಎತ್ತಿ ಕೂರುವವು ಬೇರೆ ಎಂದು ಒಳಗೇ ಒಂದು ಗೆರೆ ಎಳೆದಿದ್ದರು. ಎತ್ತಿ ಕೂರುವ ಎರಡಕ್ಕೆ ಅವರು ಕೊಟ್ಟ ಲ್ಯಾಟಿನ್ ಹೆಸರುಗಳು ‘ವಿರ್ಗೊ’ ಮತ್ತು ‘ಪುಯೆಲ್ಲ’. ವಿರ್ಗೊ ಎಂದರೆ ಕನ್ಯೆ, ಪುಯೆಲ್ಲ ಎಂದರೆ ಹುಡುಗಿ. ಡ್ಯಾಮ್ಸೆಲ್ ಎಂಬ ಮಾತಿಗೂ ಅದೇ ಅರ್ಥ. ಯೂರೋಪಿನವರ ಕಣ್ಣಿಗೆ ಇದು ನೀರಿನ ಬದಿಯಲ್ಲಿ ಒಡ್ಡಾಡುವ ಹುಡುಗಿಯ ಹಾಗೆ ಕಂಡಿರಬೇಕು. ಹತ್ತಿರದಿಂದ ನೋಡಿದರೆ ಹುಡುಗಿಯ ಸೌಮ್ಯತೆ ಏನೂ ಇಲ್ಲ. ಸೊಳ್ಳೆ, ನುಸಿ, ತನಗಿಂತ ಚಿಕ್ಕ ಸೂಜಿಚಿಟ್ಟೆ, ಸಿಕ್ಕಿದ್ದನ್ನು ಹಿಡಿದು ತಿನ್ನುವ ಬೇಟೆಗಾರ ಅದು.

ಲಿನೇಯಸ್ಸರ ಶಿಷ್ಯ ಫ್ಯಾಬ್ರಿಸಿಯಸ್ ಎಂಬವರು 1775ರಲ್ಲಿ ತೆಳ್ಳನೆಯವುಗಳಿಗೆ ‘ಅಗ್ರಿಯಾನ್’ ಎಂದು ಪ್ರತ್ಯೇಕ ಖಾತೆ ತೆರೆದರು. 1793ರಲ್ಲಿ ಎರಡೂ ಪಂಗಡಕ್ಕೆ ಸೇರಿಸಿ ‘ಒಡೊನೇಟ’ ಎಂಬ ಗಣದ ಹೆಸರು ಕೊಟ್ಟರು. ಗ್ರೀಕಿನಲ್ಲಿ ಹಲ್ಲಿಗೆ ಸಂಬಂಧಿಸಿದ ಮಾತು ಅದು, ದವಡೆ ಹಾಗಿದೆ. ಆಮೇಲೆ ಬಂದವರು ಬೆಲ್ಜಿಯಮ್ಮಿನ ಬ್ಯಾರನ್ ಸೆಲಿಸ್ ಲಾಂಗ್‌ಶಾಂ. ಶ್ರೀಮಂತ ಜಮೀನುದಾರರು, ರಾಜಕಾರಣಿ, 1880ರ ದಶಕದಲ್ಲಿ ಆ ದೇಶದ ಸೆನೆಟ್ಟಿನ ಅಧ್ಯಕ್ಷರೂ ಆಗಿದ್ದವರು. ಇಷ್ಟೆಲ್ಲದರ ನಡುವೆ ಜಗತ್ತಿನ ಮೂಲೆ ಮೂಲೆಯಿಂದ ಬಂದ ನೂರಾರು ಬಗೆಗಳಿಗೆ ಹೆಸರಿಟ್ಟರು. 1854ರಲ್ಲಿ ಸೂಜಿಚಿಟ್ಟೆಗಳಿಗೆಲ್ಲ ‘ಜೈಗಾಪ್ಟೆರ’ ಎಂಬ ಉಪಗಣದ ಹೆಸರು ಕೊಟ್ಟವರೂ ಅವರೇ. ಜೈಗಾನ್ ಎಂದರೆ ಗ್ರೀಕಿನಲ್ಲಿ ನೊಗ. ಸಂಸ್ಕೃತದ ‘ಯುಗ’ ಎಂಬ ಶಬ್ದಕ್ಕೂ ನೊಗ ಎಂಬ ಅರ್ಥವಿದೆ, ಎರಡೂ ಒಂದೇ ಬೇರಿನವು. ಜೋಡೆತ್ತಿನ ಹಾಗೆ ಒಂದಕ್ಕೊಂದು ಸಮನಾದ ರೆಕ್ಕೆ ಎಂದು ತಿಳಿದರೆ ನೆನಪಿಡುವುದು ಸುಲಭ. ಡ್ರ್ಯಾಗನ್‌ಫ್ಲೈಗಳದ್ದು ‘ಅನೈಸಾಪ್ಟೆರ’, ಮುಂದಿನ ರೆಕ್ಕೆ ಹಿಂದಿನ ರೆಕ್ಕೆ ಸಮವಲ್ಲದವು.

ಎರಡೇ ಲೆಡ್ಜರು, ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಎರಡಕ್ಕೂ ಒಗ್ಗದ ಒಂದು ಹುಳ ಎದುರು ಬರುತ್ತದೆ. ಜಪಾನಿನ ತಣ್ಣನೆ ಹೊಳೆಗಳಲ್ಲಿರುವ ‘ಎಪಿಯೋಫ್ಲೀಬಿಯ’. ಮೈ ಡ್ರ್ಯಾಗನ್‌ಫ್ಲೈಯದು, ರೆಕ್ಕೆ ಮಡಚಿ ಕೂರುವುದು ಸೂಜಿಚಿಟ್ಟೆಯ ಹಾಗೆ. ಇದರ ಬಂಧು ನಮ್ಮ ದೇಶದಲ್ಲೂ ಇದೆ. ಡಾರ್ಜಿಲಿಂಗ್ ಕಡೆಯ ತೊರೆಯಲ್ಲಿ ಸಿಕ್ಕಿದ ಒಂದು ಮರಿಯನ್ನಷ್ಟೇ ನೋಡಿ 1921ರಲ್ಲಿ ಅದಕ್ಕೆ ಹೆಸರಿಟ್ಟರು. ಬ್ಯಾಂಕಿನಲ್ಲಿ ಯಾವ ಖಾತೆಗೆ ಸೇರಿಸಬೇಕೆಂದು ತಿಳಿಯದ ಹಣವನ್ನು ಸದ್ಯಕ್ಕೆ ಸಸ್ಪೆನ್ಸ್ ಖಾತೆಗೆ ಹಾಕುತ್ತಿದ್ದೆವು. ಬಹಳ ಕಾಲ ಇದೂ ಹಾಗೇ ಒಂದು ಮೂರನೇ ಉಪಗಣದಲ್ಲಿ ಕೂತಿತ್ತು. ಈಗಿನವರು ಡಿಎನ್‌ಎ ನೋಡಿ, ಇದು ಡ್ರ್ಯಾಗನ್‌ಫ್ಲೈಗಳಿಗೇ ಹತ್ತಿರದ ಸಂಬಂಧಿ ಎನ್ನುತ್ತಾರೆ.

ಇನ್ನು ನಮ್ಮ ಕಡೆಗೆ ಬರುತ್ತೇನೆ. ಲಿನೇಯಸ್ಸರ ಆ ಹಳೇ ಪಟ್ಟಿಯಲ್ಲಿ ‘ಚೈನೆನ್ಸಿಸ್’ ಎಂಬ ಹೆಸರೂ ಇದೆ. ಚೀನಾದ್ದು ಎಂದರ್ಥ. ಈಗ ಅದಕ್ಕೆ ‘ನ್ಯೂರೋಬೇಸಿಸ್ ಚೈನೆನ್ಸಿಸ್’ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಸ್ಟ್ರೀಮ್ ಗ್ಲೋರಿ. ಹೆಸರು ಚೀನಾದ್ದಾದರೂ ಸಹ್ಯಾದ್ರಿಯ ಹಳ್ಳಗಳಲ್ಲೂ ಅದು ಮನೆಮಾಡಿಕೊಂಡಿದೆ. ಮಲೆನಾಡಿನವರು ನೋಡಿರುತ್ತೀರಿ: ಹಳ್ಳದ ನಡುವಿನ ಬಂಡೆಯ ಮೇಲೆ ಕೂತಾಗ ಕಂದು ಬಣ್ಣದ ಸಾಧಾರಣ ಹುಳ. ಹಾರಿದ ಕೂಡಲೇ ಗಂಡಿನ ಹಿಂದಿನ ರೆಕ್ಕೆಗಳ ಮೇಲ್ಭಾಗ ನವಿಲುಗರಿಯ ಹಸಿರಿನಲ್ಲಿ ಮಿಂಚಿ, ಮತ್ತೆ ಕೂತರೆ ಆರಿಹೋಗುತ್ತದೆ. ಬಿಸಿಲಿನಲ್ಲಿ ಯಾರೋ ಕನ್ನಡಿ ಆಡಿಸುತ್ತಿದ್ದಾರೆ ಅನ್ನಿಸಬೇಕು. ಉಪ್ಸಾಲದ ಪ್ರೊಫೆಸರರ ಮೇಜಿನ ಮೇಲೆ ಇದರ ಒಣಗಿದ ಮೈ ಮಾತ್ರ ಬಂದಿರಬಹುದು. ಜೀವಂತವಾಗಿ ಹಾರುವುದನ್ನು ಅವರು ನೋಡಲಿಲ್ಲವಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಅದೇ ಹಳ್ಳದಲ್ಲಿ ಸ್ವಲ್ಪ ಹೊತ್ತು ಕೂತರೆ ಇನ್ನೂ ಒಂದೆರಡು ಕುಟುಂಬದವರು ಬರುತ್ತಾರೆ. ಮುಖದ ಮುಂಭಾಗ ಮೂಗಿನಂತೆ ಚಾಚಿಕೊಂಡಿರುವ, ರೆಕ್ಕೆಗಿಂತ ಹೊಟ್ಟೆ ಗಿಡ್ಡವಾಗಿರುವ ಒಂದು ಕುಟುಂಬವಿದೆ, ‘ಕ್ಲೋರೋಸೈಫಿಡೇ’. ಆಫ್ರಿಕ ಮತ್ತು ಏಷ್ಯಾ ಕಡೆ ಬಿಟ್ಟರೆ ಅಮೆರಿಕದಲ್ಲಿ ಒಂದೂ ಇಲ್ಲ. ನೀರಿನಲ್ಲಿ ಬಿದ್ದ ಕೊಳೆತ ಮರದ ತುಂಡಿನ ಮೇಲೆ ಇವುಗಳ ಗಂಡುಗಳು ಎದುರು ಬದುರು ತೇಲುತ್ತ ಜಗಳಾಡುವುದನ್ನು ನೋಡುವುದೇ ಒಂದು ಮಜ. ಮುಟ್ಟುವುದಿಲ್ಲ, ಕಚ್ಚುವುದಿಲ್ಲ, ಬರೀ ರೆಕ್ಕೆ ಕಾಲು ತೋರಿಸಿ ಹೆದರಿಸುವುದು. ನಮ್ಮ ಓಣಿಯ ಜಗಳಗಳೂ ಹೆಚ್ಚಾಗಿ ಈ ಜಾತಿಯವೇ!

ಊರಿನ ಕೆರೆ, ಗದ್ದೆ, ಹಿತ್ತಲಿನ ಹಳ್ಳಕ್ಕೆ ಬಂದರೆ ಅಲ್ಲಿ ‘ಸೀನಾಗ್ರಿಯೋನಿಡೇ’ ಕುಟುಂಬದ್ದೇ ದರ್ಬಾರು. ಸೂಜಿಚಿಟ್ಟೆಗಳ ಕುಟುಂಬಗಳಲ್ಲೇ ಇದು ಅತಿ ದೊಡ್ಡದು, 1,200ಕ್ಕೂ ಹೆಚ್ಚು ಪ್ರಭೇದಗಳು. ಹಳದಿ ಬಾಲದ ಕೋರಮಂಡಲ್ ಮಾರ್ಷ್ ಡಾರ್ಟ್ ಇದರಲ್ಲೇ ಸೇರಿದ್ದು. ಕೋರಮಂಡಲ ಕರಾವಳಿಯ ಹೆಸರನ್ನು ಹೊತ್ತುಕೊಂಡ ಈ ಹುಳವನ್ನು ನೀವು ಖಂಡಿತ ನೋಡಿದ್ದೀರಿ, ಹೆಸರು ಗೊತ್ತಿರಲಿಲ್ಲ ಅಷ್ಟೆ. ಗದ್ದೆಯ ಬದುವಿನ ಹುಲ್ಲಿನಲ್ಲಿ ಬಗ್ಗಿ ನೋಡಿದರೆ ಪಿಗ್ಮಿ ವಿಸ್ಪ್ ಸಿಗುತ್ತದೆ. ಎರಡು ಸೆಂಟಿಮೀಟರಿನಷ್ಟು ಉದ್ದ, ಬಾಲದ ತುದಿ ಇಟ್ಟಿಗೆ ಕೆಂಪು. ಜಗತ್ತಿನ ಅತಿ ಸಣ್ಣ ಸೂಜಿಚಿಟ್ಟೆಗಳ ಸಾಲಿನಲ್ಲಿ ಇದರ ಹೆಸರು ಬರುತ್ತದೆ.

ಅತಿ ದೊಡ್ಡದು ಯಾವುದು ಎಂದು ಮಕ್ಕಳು ಕೇಳಿಯೇ ಕೇಳುತ್ತೀರಿ. ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ಮಳೆಕಾಡುಗಳಲ್ಲಿ ‘ಮೆಗಾಲೋಪ್ರೆಪಸ್’ ಎಂಬುದಿದೆ. ರೆಕ್ಕೆ ಬಿಡಿಸಿದರೆ ಈ ತುದಿಯಿಂದ ಆ ತುದಿಗೆ 19 ಸೆಂಟಿಮೀಟರಿನವರೆಗೆ. ನಿಮ್ಮ ಶಾಲೆಯ ಹದಿನೈದು ಸೆಂಟಿಮೀಟರಿನ ಸ್ಕೇಲು ಸಾಲದು! ಇಷ್ಟು ದೊಡ್ಡ ಹುಳ ಮೊಟ್ಟೆ ಇಡುವುದು ಕೆರೆಯಲ್ಲಲ್ಲ, ಹೊಳೆಯಲ್ಲೂ ಅಲ್ಲ, ಮರದ ಪೊಟರೆಯಲ್ಲಿ ನಿಂತ ಮಳೆನೀರಿನಲ್ಲಿ. ಅದರ ಮರಿಗಳು ಆ ಬೊಗಸೆ ನೀರಿನಲ್ಲೇ ಸೊಳ್ಳೆಮರಿ, ಕಪ್ಪೆಮರಿ ತಿಂದು, ಅದೂ ಸಾಲದಿದ್ದರೆ ಒಡಹುಟ್ಟಿದವನ್ನೂ ತಿಂದು ಬೆಳೆಯುತ್ತವೆ. ಒಳ್ಳೆಯ ಪೊಟರೆ ಸಿಕ್ಕಿದ ಗಂಡು ಅದಕ್ಕೆ ಕಾವಲು ಕಾಯುತ್ತದೆ. ದೊಡ್ಡದಾದ ಮೇಲೆ ಇದರ ಊಟ ಜೇಡ. ಬಲೆಯ ಮುಂದೆ ಹೆಲಿಕಾಪ್ಟರಿನಂತೆ ನಿಂತು, ಹಿಂದಕ್ಕೆ ಸರಿದು, ಮುನ್ನುಗ್ಗಿ ಬಲೆಯಿಂದ ಜೇಡವನ್ನೇ ಕಿತ್ತು ತಿನ್ನುತ್ತದೆ. ಬಲೆಗೆ ಬೀಳಬೇಕಾದ ಹುಳವೇ ಬಲೆ ಕಟ್ಟಿದವನನ್ನು ನುಂಗುವುದು.

ಇದೂ, ಇದರ ಅಮೆರಿಕದ ಬಂಧುಗಳೂ ಹಿಂದೆ ಒಂದು ಪ್ರತ್ಯೇಕ ಕುಟುಂಬವಾಗಿದ್ದವು. ಅತ್ತ ಆಫ್ರಿಕದ ಕೀನ್ಯ, ಟಾಂಜಾನಿಯಗಳ ಕರಾವಳಿ ಕಾಡಿನಲ್ಲಿ ಪೊಟರೆಯ ನೀರಿನಲ್ಲೇ ಬೆಳೆಯುವ ‘ಕೊರಿಫಾಗ್ರಿಯಾನ್’ ಎಂಬ ಇನ್ನೊಂದು ಉದ್ದನೆ ಸೂಜಿಚಿಟ್ಟೆ ಒಂಟಿಯಾಗಿತ್ತು. ಡಿಎನ್‌ಎ ಪರೀಕ್ಷೆ ಮಾಡಿದಾಗ ಅದು ಅಮೆರಿಕದವುಗಳ ರಕ್ತಸಂಬಂಧಿ ಎಂದು ಗೊತ್ತಾಯಿತು. ನಡುವೆ ಒಂದು ಮಹಾಸಾಗರ! ಆಫ್ರಿಕ ಮತ್ತು ದಕ್ಷಿಣ ಅಮೆರಿಕ ಒಂದೇ ನೆಲವಾಗಿದ್ದ ಕಾಲದ ಮನೆತನ ಇದು, ನೆಲ ಒಡೆದಾಗ ಮನೆಯೂ ಪಾಲಾಯಿತು ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಕೊನೆಗೆ ಈ ಇಡೀ ಬಳಗವನ್ನು ದೊಡ್ಡ ಕುಟುಂಬವಾದ ಸೀನಾಗ್ರಿಯೋನಿಡೇಯಲ್ಲೇ ಸೇರಿಸಿಬಿಟ್ಟರು. ಸಣ್ಣ ಬ್ಯಾಂಕು ದೊಡ್ಡ ಬ್ಯಾಂಕಿನಲ್ಲಿ ವಿಲೀನವಾದ ಹಾಗೆ. ಬೋರ್ಡು ಬದಲಾಗುತ್ತದೆ, ಗಿರಾಕಿಗಳು ಅವರೇ. ಹಾಗಾಗಿ ಜಗತ್ತಿನ ಅತಿ ದೊಡ್ಡ ಸೂಜಿಚಿಟ್ಟೆಯೂ ನಮ್ಮ ಗದ್ದೆಬದುವಿನ ಪಿಗ್ಮಿ ವಿಸ್ಪೂ ಈಗ ಒಂದೇ ಕುಟುಂಬ.

ಇಂಥ ಖಾತೆ ವರ್ಗಾವಣೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಬ್ಯಾಂಬೂಟೇಲ್‌ಗಳ ಕಥೆ. ಕಪ್ಪು ದಾರದ ತುಂಡಿನಂತೆ ಹಳ್ಳದ ಬದಿಯ ನೆರಳಿನಲ್ಲಿ ತೇಲುವ ಸೂಜಿಚಿಟ್ಟೆಗಳು ಇವು. ರೆಕ್ಕೆಯ ನರಗಳು ಬಹಳ ಕಡಿಮೆ. ಅಮೆರಿಕದಲ್ಲೂ ಹೀಗೇ ದಾರದಂಥ, ಕಡಿಮೆ ನರದ ಸೂಜಿಚಿಟ್ಟೆಗಳಿವೆ. ರೆಕ್ಕೆಯ ಗೆರೆ ಎಣಿಸಿಯೇ ಕುಟುಂಬ ನಿರ್ಧರಿಸುತ್ತಿದ್ದ ಕಾಲದಲ್ಲಿ ಎರಡನ್ನೂ ‘ಪ್ರೋಟೋನ್ಯೂರಿಡೇ’ ಎಂಬ ಒಂದೇ ಲೆಡ್ಜರಿಗೆ ಹಾಕಿದರು. ಸಹಿ ಒಂದೇ ಥರ ಇದೆ, ಮನುಷ್ಯನೂ ಒಬ್ಬನೇ ಎಂದ ಹಾಗೆ! 2014ರಲ್ಲಿ ನೆದರ್‌ಲ್ಯಾಂಡ್ಸ್‌ನ ಕ್ಲಾಸ್-ಡೌವೆ ಡೈಕ್‌ಸ್ಟ್ರಾ ಮತ್ತು ಜೊತೆಗಾರರು ಜಗತ್ತಿನ ಸೂಜಿಚಿಟ್ಟೆಗಳ ಡಿಎನ್‌ಎ ಹೋಲಿಸಿ ಕುಟುಂಬಗಳನ್ನೆಲ್ಲ ಮರುವಿಂಗಡಣೆ ಮಾಡಿದರು. ಆಗ ತಿಳಿದದ್ದು, ಅಮೆರಿಕದವು ಸೀನಾಗ್ರಿಯೋನಿಡೇಗೆ ಸೇರಿದವು, ನಮ್ಮ ಏಷ್ಯಾದ, ಆಫ್ರಿಕದ ಬ್ಯಾಂಬೂಟೇಲ್‌ಗಳು ‘ಪ್ಲಾಟಿಕ್ನೆಮಿಡಿಡೇ’ ಎಂಬ ಬೇರೆಯದೇ ಕುಟುಂಬದವು. ಹಳದಿ ಕಾಲಿನ ಬುಷ್ ಡಾರ್ಟ್ ಎಂಬ, ನೋಡಲು ಒಂದಿಷ್ಟೂ ಹೋಲಿಕೆಯಿಲ್ಲದ ಹುಳ ಅವುಗಳ ದಾಯಾದಿ. ಬಾವಲಿಗೂ ಕಾಗೆಗೂ ರೆಕ್ಕೆ ಇದ್ದರೂ ಅಣ್ಣತಮ್ಮಂದಿರಲ್ಲವಲ್ಲ, ಹಾಗೆ. ಅದೇ ಲೇಖನದಲ್ಲಿ ಯಾವ ಕುಟುಂಬಕ್ಕೂ ಸೇರದೆ ಉಳಿದ ಕೆಲವು ಜಾತಿಗಳನ್ನು ‘ಸ್ಥಾನ ಅನಿಶ್ಚಿತ’ ಎಂದು ಬೇರೆ ಇಟ್ಟಿದ್ದಾರೆ. ಓದಿದಾಗ ನನಗೆ ಖುಷಿಯಾಯಿತು. ವಿಜ್ಞಾನಿಗಳಿಗೂ ಸಸ್ಪೆನ್ಸ್ ಖಾತೆ ಬೇಕು!

ಖಾತೆಯಲ್ಲಿ ಒಬ್ಬನೇ ಇರುವ ಮನೆಗಳೂ ಇವೆ. ಆಸ್ಟ್ರೇಲಿಯದ ‘ಹೆಮಿಫ್ಲೀಬಿಯ’ ಎಂಬ ಪುಟ್ಟ ಹಸಿರು ಸೂಜಿಚಿಟ್ಟೆಯ ಕುಟುಂಬದಲ್ಲಿ ಈಗ ಉಳಿದಿರುವ ಪ್ರಭೇದ ಅದೊಂದೇ. ಬಹಳ ಹಳೆಯ ಮನೆತನ. ಜೌಗುಗಳು ಹೋದ ಹಾಗೆ ಅದೂ ಹೋಯಿತೆಂದು ಭಾವಿಸಿದ್ದರು, 1985ರಲ್ಲಿ ವಿಕ್ಟೋರಿಯ ರಾಜ್ಯದ ವಿಲ್ಸನ್ಸ್ ಪ್ರೊಮೊಂಟರಿಯಲ್ಲಿ ಮತ್ತೆ ಸಿಕ್ಕಿತು. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಿಗೆ ಅಮೆರಿಕದಿಂದ ಹೋಗಿ ಸೇರಿದ ಒಂದು ಬಗೆಯಲ್ಲಿ ಬರೀ ಹೆಣ್ಣುಗಳೇ ಇವೆ, ಗಂಡಿನ ಹಂಗಿಲ್ಲದೆ ಮೊಟ್ಟೆ ಇಟ್ಟು ಸಂಸಾರ ನಡೆಸುತ್ತಿವೆ. ಅಮೆರಿಕದಲ್ಲಿರುವ ಅದೇ ಪ್ರಭೇದದಲ್ಲಿ ಗಂಡು ಹೆಣ್ಣು ಎರಡೂ ಇವೆ!

ಹೆಣ್ಣುಗಳ ಮಾತು ಬಂತಲ್ಲ, ಗುರುತು ಹಿಡಿಯುವವರನ್ನು ಅತಿ ಹೆಚ್ಚು ಸತಾಯಿಸುವುದು ಅವೇ. ಪಿಗ್ಮಿ ವಿಸ್ಪ್‌ನಲ್ಲಿ ಕೆಲವು ಹೆಣ್ಣುಗಳು ಹಸಿರು, ಕೆಲವು ಕೆಂಪು. ಸೆನೆಗಲ್ ಗೋಲ್ಡನ್ ಡಾರ್ಟ್‌ಲೆಟ್ ಎಂಬುದರಲ್ಲಿ ಕೆಲವು ಹೆಣ್ಣುಗಳು ಥೇಟ್ ಗಂಡಿನ ಹಾಗೇ ಕಾಣುತ್ತವೆ. ಒಬ್ಬರೇ ಎರಡು ಹೆಸರಿನಲ್ಲಿ ಖಾತೆ ಇಟ್ಟ ಹಾಗೆ, ಒಂದೇ ಪ್ರಭೇದಕ್ಕೆ ಎರಡು ಮೂರು ಹೆಸರು ಬಿದ್ದ ಉದಾಹರಣೆಗಳು ಹಳೇ ಪುಸ್ತಕಗಳಲ್ಲಿ ಬೇಕಾದಷ್ಟಿವೆ. ಹಾಗಾಗಿ ಮಕ್ಕಳೇ, ಬಣ್ಣವೊಂದನ್ನೇ ನಂಬಬೇಡಿ. ಬಾಲದ ತುದಿ, ಕಾಲಿನ ಬಣ್ಣ, ಎದೆಯ ಮೇಲಿನ ಪಟ್ಟೆ, ಎಲ್ಲಿ ಕೂತಿತ್ತು ಎಂಬುದು, ಇವನ್ನೂ ಬರೆದುಕೊಳ್ಳಿ. ಹಿಡಿಯಬೇಡಿ. ಬಾಲಕ್ಕೆ ದಾರ ಕಟ್ಟಿ ಹಾರಿಸುವ ಆಟವಂತೂ ಬೇಡವೇ ಬೇಡ.

ನಮ್ಮ ದೇಶದ ಲೆಕ್ಕ ಬರೆದವರಲ್ಲಿ ಮೊದಲು ನೆನೆಯಬೇಕಾದವರು ಎಫ್. ಸಿ. ಫ್ರೇಸರ್. ಬ್ರಿಟಿಷ್ ಕಾಲದ ಸೇನಾ ವೈದ್ಯರು, ಲೆಫ್ಟಿನೆಂಟ್ ಕರ್ನಲ್. ಕೊಡಗು, ನೀಲಗಿರಿಯ ಹಳ್ಳಕೊಳ್ಳಗಳಲ್ಲಿ ಬಲೆ ಹಿಡಿದು ಅಲೆದವರು. 1933ರಿಂದ 1936ರವರೆಗೆ ಮೂರು ಸಂಪುಟಗಳಲ್ಲಿ ಅವರು ಬರೆದ ಗ್ರಂಥವನ್ನು ಇವತ್ತಿಗೂ ಈ ಕ್ಷೇತ್ರದವರು ಕೈಬಿಟ್ಟಿಲ್ಲ. ರಾಮಪತ್ರೆ ಜಾತಿಯ ಮರಗಳಿರುವ ಕಾಡಿನ ಹಳ್ಳಗಳಲ್ಲಿ ಸಿಗುವ ಒಂದು ಚಂದದ ಸೂಜಿಚಿಟ್ಟೆಗೆ 1924ರಲ್ಲಿ ಅವರು ‘ಲೈಡ್ಲಾವಿ’ ಎಂದು ಹೆಸರಿಟ್ಟರು, ಇಂಗ್ಲೆಂಡಿನ ಲೈಡ್ಲಾ ಎಂಬ ಗೆಳೆಯರ ನೆನಪಿಗೆ. ಡಾರ್ಜಿಲಿಂಗಿನ ಆ ಮರಿಯ ಹೆಸರಿನಲ್ಲೂ ಇದೇ ಲೈಡ್ಲಾ ಇದ್ದಾರೆ. ಅವರೂ ವೈದ್ಯರೇ. ಒಬ್ಬರು ಜಮೀನುದಾರರು, ಇಬ್ಬರು ಡಾಕ್ಟರು! ಸಂಬಳಕ್ಕೆ ಬೇರೆ ಕೆಲಸ ಮಾಡಿ, ಬಿಡುವಿನಲ್ಲಿ ಹುಳದ ಲೆಕ್ಕ ಬರೆದವರು. ನಿವೃತ್ತಿಯ ಮೇಲೆ ಹೊತ್ತು ಹೋಗುವುದಿಲ್ಲ ಎನ್ನುವ ನನ್ನ ವಯಸ್ಸಿನವರು ಇದನ್ನು ಸ್ವಲ್ಪ ಗಮನಿಸಬೇಕು.

ಲೆಡ್ಜರು ಇನ್ನೂ ಮುಚ್ಚಿಲ್ಲ. 2015ರ ಕೊನೆಯಲ್ಲಿ ಆಫ್ರಿಕದ 60 ಹೊಸ ಪ್ರಭೇದಗಳಿಗೆ ಒಂದೇ ಲೇಖನದಲ್ಲಿ ಹೆಸರಿಟ್ಟರು, ಸೂಜಿಚಿಟ್ಟೆ, ಡ್ರ್ಯಾಗನ್‌ಫ್ಲೈ ಸೇರಿ. ನಮ್ಮಲ್ಲಿ 200ಕ್ಕೂ ಹೆಚ್ಚು ಬಗೆಯ ಸೂಜಿಚಿಟ್ಟೆಗಳಿವೆ, ಪಶ್ಚಿಮ ಘಟ್ಟದಲ್ಲಿ ಹೊಸವು ಸಿಗುತ್ತಲೇ ಇವೆ. 2023ರಲ್ಲಿ ದಕ್ಷಿಣದ ಘಟ್ಟದ ನೆರಳಿನ ತೊರೆಯಲ್ಲಿ ಸಿಕ್ಕಿದ ಒಂದಕ್ಕೆ ‘ಪ್ರೋಟೋಸ್ಟಿಕ್ಟ ಅರ್ಮಗೆಡೋನಿಯ’ ಎಂದು ಹೆಸರಿಟ್ಟಿದ್ದಾರೆ. ಅರ್ಮಗೆಡಾನ್ ಎಂದರೆ ಪ್ರಳಯಕ್ಕೆ ಸಮನಾದ ಮಾತು. ಜಗತ್ತಿನಲ್ಲಿ ಕೀಟಗಳು ಕಡಿಮೆಯಾಗುತ್ತಿರುವ ಪ್ರಳಯವನ್ನು ನೆನಪಿಸಲು ಇಟ್ಟ ಹೆಸರು. ಹುಟ್ಟಿದ ಕೂಸಿಗೆ ಇಂಥ ನಾಮಕರಣವೇ ಎಂದು ನಮ್ಮ ಮನೆಯಾಕೆ ಬೇಸರಪಟ್ಟರು.

ಪ್ರಳಯ ಹೇಗೆ ಬರುತ್ತದೆ ಎಂದು ತಿಳಿಯಲು ಹವಾಯಿ ದ್ವೀಪಗಳಿಗೆ ಹೋಗಬೇಕು. ಅಲ್ಲಿಗೆ ಯಾವುದೋ ಕಾಲದಲ್ಲಿ ಗಾಳಿಗೆ ಸಿಕ್ಕಿ ಬಂದ ಸೂಜಿಚಿಟ್ಟೆಯ ಸಂತತಿ ಕವಲೊಡೆದು ‘ಮೆಗಾಲಾಗ್ರಿಯಾನ್’ ಎಂಬ ಜಾತಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಾಗಿವೆ. ಒಬ್ಬೊಬ್ಬರು ಒಂದೊಂದು ಕಡೆ ಮನೆ ಹೂಡಿದರು. ಕೆಲವು ಹೊಳೆಯಲ್ಲಿ, ಕೆಲವು ಕೊಳದಲ್ಲಿ, ಒಂದು ಗಿಡದ ಎಲೆಯ ಬುಡದಲ್ಲಿ ನಿಲ್ಲುವ ನೀರಿನಲ್ಲಿ. ಇನ್ನೊಂದರ ಮರಿಯಂತೂ ನೀರನ್ನೇ ಬಿಟ್ಟು ಕಾಡಿನ ಒದ್ದೆ ತರಗೆಲೆಯಲ್ಲಿ ಬೆಳೆಯುತ್ತದೆ. ಇಷ್ಟು ಚೆನ್ನಾಗಿ ಒಗ್ಗಿಕೊಂಡ ಸಂಸಾರಕ್ಕೆ 1905ರಲ್ಲಿ ಅತಿಥಿ ಬಂತು. ಸೊಳ್ಳೆ ಮರಿಗಳನ್ನು ತಿನ್ನಲಿ ಎಂದು ಅಮೆರಿಕದ ಟೆಕ್ಸಸ್‌ನಿಂದ ಗಂಬೂಸಿಯ ಮೀನುಗಳನ್ನು ತಂದು ಬಿಟ್ಟರು. ಮೀನಿಗೆ ಸೊಳ್ಳೆ ಮರಿ, ಸೂಜಿಚಿಟ್ಟೆ ಮರಿ ಎಂಬ ಭೇದವೆಲ್ಲಿಂದ ಬರಬೇಕು? ಆಮೇಲೆ ಇತರ ಮೀನುಗಳೂ ಸೇರಿಕೊಂಡವು. ಹಿಂದೆ ಊರೊಳಗಿನ ಕೊಳಗಳಲ್ಲೂ ಸಿಗುತ್ತಿದ್ದ ಕಿತ್ತಳೆ ಕಪ್ಪು ಬಣ್ಣದ ಒಂದು ಪ್ರಭೇದವನ್ನು 2016ರಲ್ಲಿ ಅಮೆರಿಕ ಸರ್ಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕಾಯಿತು. ಹೆಸರಿದ್ದದ್ದರಿಂದ ಪಟ್ಟಿಗಾದರೂ ಸೇರಿತು.

ಗಂಬೂಸಿಯ ನಮ್ಮ ದೇಶಕ್ಕೂ 1928ರಲ್ಲಿ ಬಂದದ್ದು. ಅದೂ, ಗಪ್ಪಿಯೂ ನಮ್ಮ ಎಷ್ಟೋ ಬಾವಿ, ಕಟ್ಟೆಗಳಲ್ಲಿವೆ. ಈಗ ನಮ್ಮ ಬೀದಿಯ ಕೊನೆಯಲ್ಲಿರುವ ಹಳೇ ಕಲ್ಯಾಣಿಗೂ ಗಪ್ಪಿ ಬಿಡಬೇಕೆಂಬ ಮಾತು ಬಂದಿದೆ. ಕಾರಣ ಸಣ್ಣದಲ್ಲ. ಈ ಮಳೆಗಾಲದಲ್ಲಿ ಎದುರು ಮನೆಯ ಹುಡುಗ ಡೆಂಗಿ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದ. ನಾನು ಕಲ್ಯಾಣಿಯ ಸೂಜಿಚಿಟ್ಟೆಗಳ ವಿಷಯ ಎತ್ತಿದಾಗ ಆ ಹುಡುಗನ ಅಜ್ಜ, ‘ನಿಮಗೆ ಹುಳ ಹೆಚ್ಚೋ, ನಮ್ಮ ಮಗು ಹೆಚ್ಚೋ ಹೇಳಿ’ ಎಂದರು. ಕಣ್ಣಲ್ಲಿ ನೀರಿತ್ತು. ಅಂಥ ಹೊತ್ತಿನಲ್ಲಿ ವಾದ ಮಾಡಬಾರದು, ನಾನು ಮಾಡಲಿಲ್ಲ.

ಮಾರನೇ ಬೆಳಿಗ್ಗೆ ಮೊಮ್ಮಗಳೂ ನಾನೂ ಒಂದು ಬಿಳಿ ಮಗ್ಗು, ಟಾರ್ಚು ಹಿಡಿದು ಹೊರಟೆವು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೆರೆ ಕಲ್ಯಾಣಿಗಿಂತ ಮನೆಯ ಸುತ್ತ ನಿಂತ ಚಿಕ್ಕಪುಟ್ಟ ನೀರೇ ಪ್ರಿಯ. ಬೀದಿಯ ಹನ್ನೊಂದು ಮನೆಗಳಲ್ಲಿ ಏಳು ಕಡೆ ಮರಿಗಳು ಸಿಕ್ಕವು. ಮುಚ್ಚಳವಿಲ್ಲದ ಡ್ರಮ್ಮು, ಹೂಕುಂಡದ ಕೆಳಗಿನ ತಟ್ಟೆ, ಹಳೇ ಟೈರು, ತೆಂಗಿನ ಚಿಪ್ಪು. ಒಂದು ನಮ್ಮ ಮನೆಯ ಪಕ್ಷಿಗಳಿಗೆ ನೀರಿಡುವ ಬೋಗುಣಿಯಲ್ಲೇ! ಮೊಮ್ಮಗಳು ಎಲ್ಲರೆದುರಿಗೆ ಅದನ್ನೂ ಬರೆದುಕೊಂಡಳು. ಕಲ್ಯಾಣಿಯಲ್ಲಿ ನಾಲ್ಕು ಮೂಲೆಯಿಂದ ಇಪ್ಪತ್ತು ಮಗ್ಗು ನೀರು ತೆಗೆದು ನೋಡಿದೆವು. ಒಂದೇ ಒಂದು ಸೊಳ್ಳೆ ಮರಿ ಸಿಗಲಿಲ್ಲ. ಬಾಲದಲ್ಲಿ ಮೂರು ಎಲೆಯಿರುವ ಮರಿಗಳು ಆರು ಸಿಕ್ಕವು, ನೀರಿಗೇ ಬಿಟ್ಟೆವು. ಮೇಲೆ ಹುಲ್ಲಿನಲ್ಲಿ ಕೋರಮಂಡಲ್, ಸೆನೆಗಲ್, ಪಿಗ್ಮಿ ಮೂರೂ ಇದ್ದವು.

ಮುಚ್ಚಲಾಗದ ಡ್ರಮ್ಮು, ತೊಟ್ಟಿಗಳಿಗೆ ಬೇಕಾದರೆ ಗಪ್ಪಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ಅಲ್ಲಿಂದ ಅವನ್ನು ಚರಂಡಿಗೆ, ಹಳ್ಳಕ್ಕೆ ಚೆಲ್ಲದಿದ್ದರೆ ಸಾಕು. ಕಲ್ಯಾಣಿಗೆ ಬೇಡ ಎಂಬುದಷ್ಟೇ ನನ್ನ ಮಾತು. ಬರುವ ಭಾನುವಾರ ಸಂಜೆ ಐದಕ್ಕೆ ವಾರ್ಡಿನ ಸಭೆ ಇದೆ. ಮನೆವಾರು ಪಟ್ಟಿಯನ್ನು ಮೊಮ್ಮಗಳು ಶುದ್ಧಪ್ರತಿ ಮಾಡಿದ್ದಾಳೆ, ನಾನು ಕೊನೆಯಲ್ಲಿ ಒಟ್ಟು ಹಾಕಿ ಅಡಿಗೆರೆ ಎಳೆದಿದ್ದೇನೆ. ಎದುರು ಮನೆಯ ಅಜ್ಜ ನಿನ್ನೆ ಸಂಜೆ ತಾವಾಗಿಯೇ ಬಂದು ಪಟ್ಟಿ ಕೇಳಿ ಪಡೆದುಕೊಂಡು ಹೋದರು. ಹುಡುಗನೂ ಜೊತೆಗಿದ್ದ, ಮುಖದಲ್ಲಿ ಇನ್ನೂ ಸುಸ್ತು. ಮಗ್ಗಿನಲ್ಲಿ ಸಿಕ್ಕಿದ ಮರಿ ಹೇಗಿತ್ತು ಎಂದು ಕೇಳಿದ. ಮೊಮ್ಮಗಳು ಪೆನ್ಸಿಲ್ಲಿನಲ್ಲಿ ಬಾಲದ ಮೂರು ಎಲೆ ಬರೆದು ತೋರಿಸಿದಳು.